ತೂಕ ಇಳಿಸುವ ಔಷಧಗಳ ಡೋಸ್ ಹೊಂದಾಣಿಕೆ

ಬೊಜ್ಜಿಗೆ ಕೊಡುವ ಔಷಧವನ್ನು ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ದೇಹ ತಾಳಿಕೊಳ್ಳುವುದನ್ನು ನೋಡಿಕೊಂಡು ವಾರಗಳ ಅಂತರದಲ್ಲಿ ಏರಿಸುವುದು; ತೊಂದರೆ ಕಂಡರೆ ಅಲ್ಲೇ ನಿಲ್ಲಿಸಿಕೊಳ್ಳುವುದು, ಬೇಕಾದರೆ ಇಳಿಸುವುದು; ನಡುವೆ ತಪ್ಪಿಹೋದರೆ ಮತ್ತೆ ಯಾವ ಮೆಟ್ಟಿಲಿನಿಂದ ಶುರುಮಾಡಬೇಕೆಂದು ತೀರ್ಮಾನಿಸುವುದು. ಇಷ್ಟೂ ಸೇರಿ ಡೋಸ್ ಹೊಂದಾಣಿಕೆ ಎನಿಸುತ್ತದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್, ಲಿರಾಗ್ಲುಟೈಡ್ ಚುಚ್ಚುಮದ್ದುಗಳಲ್ಲಿ ಔಷಧದ ಆಯ್ಕೆಯಷ್ಟೇ ತೂಕ ಈ ಹೊಂದಾಣಿಕೆಗೂ ಇದೆ. ಇವುಗಳಿಂದ ಆಗುವ ಹಲವು ತೊಂದರೆಗಳು ಹುಟ್ಟುವುದು ಅವಸರದ ಏರಿಕೆಯಿಂದ, ತಪ್ಪು ಅಳತೆಯಿಂದ, ಇಲ್ಲವೇ ನಿಲ್ಲಿಸಿ ಮತ್ತೆ ಮೇಲಿನ ಡೋಸ್‌ನಿಂದಲೇ ಆರಂಭಿಸುವುದರಿಂದ.

ಇವು ಯಾರಿಗೆ ಬೇಕಾಗುತ್ತವೆಂದು ತಿಳಿಯಲು ಒಂದು ಪೇಟೆಯನ್ನು ನೋಡಿದರೆ ಸಾಕು. ಬೀದರ್ ನಗರದ ಗಾಂಧಿ ಗಂಜ ತೊಗರಿ, ಹೆಸರು, ಉದ್ದು, ಕಡಲೆ, ಸೋಯಾ, ಜೋಳಗಳ ಸಗಟು ಪೇಟೆ. ಭಾಲ್ಕಿ, ಔರಾದ್ ಕಡೆಯ ರೈತರೂ ಮಾಲು ತರುವ ಜಾಗ. ಅಲ್ಲಿ ಚೀಲ ಹೊರುವ ಹಮಾಲರ ಮೈಕಟ್ಟು ಒಂದು ಬಗೆಯದು, ಅಡತ್ ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂತು ಲೆಕ್ಕ ಬರೆಯುವವರದು ಇನ್ನೊಂದು ಬಗೆಯದು. ಎರಡನೆಯವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು, ಶುಗರ್, ಬಿಪಿ ಒಟ್ಟಿಗೆ ಬರುವುದು ಸಾಮಾನ್ಯ. ದೇಶದ ಚಿತ್ರವೂ ಇದೇ. ಐಸಿಎಂಆರ್–ಇಂಡಿಯಾಬ್ ಅಧ್ಯಯನದ 2023ರ ವರದಿಯಂತೆ ಭಾರತದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹವಿದೆ, ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಈ ಕಾಯಿಲೆಗಳು ಬರುವುದರಿಂದ ಸೊಂಟದ ಸುತ್ತಳತೆಗೆ ಇಲ್ಲಿ ಹೆಚ್ಚು ಬೆಲೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ. ಆದರೆ ಚುಚ್ಚುಮದ್ದಿಗೆ ಅನುಮತಿ ಇರುವುದು ಮುಖ್ಯವಾಗಿ ದೇಹತೂಕ ಸೂಚ್ಯಂಕ 30 ಮುಟ್ಟಿದವರಿಗೆ, ಅಥವಾ 27 ಇಲ್ಲವೇ ಅದಕ್ಕಿಂತ ಮೇಲಿದ್ದು ಮಧುಮೇಹ, ರಕ್ತದೊತ್ತಡದಂಥ ಕಾಯಿಲೆ ಜೊತೆಗಿರುವವರಿಗೆ. ಮದುವೆಗೆ ಮುಂಚೆ ನಾಲ್ಕು ಕಿಲೋ ಇಳಿಸಿಕೊಳ್ಳಲು ಮಾಡಿದ ಔಷಧವಲ್ಲ ಇದು.

ಹಿನ್ನೆಲೆ

ತೂಕ ಇಳಿಸುವ ಔಷಧಗಳ ಚರಿತ್ರೆಯಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ. 1933ರ ಸುಮಾರಿಗೆ ಅಮೆರಿಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು ತೂಕಕ್ಕೆಂದು ಕೊಟ್ಟರು. ಅದು ದೇಹದ ಶಕ್ತಿಯನ್ನೆಲ್ಲ ಶಾಖವಾಗಿ ಸುಟ್ಟುಬಿಡುತ್ತಿತ್ತು. ಫಲ ಕೊಡುವ ಡೋಸ್‌ಗೂ ಕೊಲ್ಲುವ ಡೋಸ್‌ಗೂ ನಡುವಿನ ಅಂತರ ತೀರ ಕಡಿಮೆ ಇತ್ತು; ಜನ ಜ್ವರ ಏರಿ ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. 1997ರಲ್ಲಿ ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಕೆಡಿಸುತ್ತದೆಂದು ಗೊತ್ತಾಗಿ ಮಾರುಕಟ್ಟೆಯಿಂದ ಹೊರಬಿತ್ತು. ಹೃದಯಾಘಾತ ಮತ್ತು ಲಕ್ವದ ಅಪಾಯದಿಂದಾಗಿ ಸಿಬುಟ್ರಮಿನ್ ಅನ್ನು ಭಾರತ 2011ರಲ್ಲಿ ನಿಷೇಧಿಸಿತು. ಅದು ಪೂರ್ತಿ ಮಾಯವಾಗಿಲ್ಲ. ‘ಗಿಡಮೂಲಿಕೆಯ ಸ್ಲಿಮ್ಮಿಂಗ್’ ಪುಡಿ, ಚಹಾಗಳಲ್ಲಿ ಕದ್ದು ಬೆರೆಸಿದ ಸಿಬುಟ್ರಮಿನ್ ಹಲವು ದೇಶಗಳ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಅಂಥ ಪುಡಿಯಲ್ಲಿ ಎಷ್ಟು ಔಷಧವಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಅಲ್ಲಿ ಡೋಸ್ ಎಂಬ ಮಾತಿಗೆ ಅರ್ಥವೇ ಇಲ್ಲ. ಥೈರಾಯ್ಡ್ ಸರಿಯಾಗಿರುವವರು ತೂಕಕ್ಕೆಂದು ಥೈರಾಕ್ಸಿನ್ ಮಾತ್ರೆಯನ್ನು ಏರಿಸಿಕೊಳ್ಳುವುದೂ ಇದೇ ಸಾಲಿಗೆ ಸೇರುವ ಅಪಾಯ.

ಈಗಿನ ಚುಚ್ಚುಮದ್ದುಗಳ ದಾರಿ ಬೇರೆ. ಊಟ ಮಾಡಿದಾಗ ಕರುಳಿನಿಂದ ಹೊರಡುವ ಜಿಎಲ್‌ಪಿ–1 ಎಂಬ ಹಾರ್ಮೋನನ್ನು ಇವು ಅನುಕರಿಸುತ್ತವೆ. ಮೆದುಳಿಗೆ ಹೊಟ್ಟೆ ತುಂಬಿತೆಂಬ ಸುದ್ದಿ ಹೋಗುತ್ತದೆ, ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ಸಕ್ಕರೆ ಏರಿದಾಗ ಇನ್ಸುಲಿನ್ ಹೆಚ್ಚುತ್ತದೆ. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. 2021ರಲ್ಲಿ ಪ್ರಕಟವಾದ ‘ಸ್ಟೆಪ್ 1’ ಪರೀಕ್ಷೆಯಲ್ಲಿ 1,961 ಜನ ಭಾಗವಹಿಸಿದ್ದರು, ವಾರಕ್ಕೆ 2.4 ಮಿಗ್ರಾಂ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿಯಿತು. ಟಿರ್ಜೆಪಟೈಡ್‌ನ 2022ರ ಪರೀಕ್ಷೆಯಲ್ಲಿ 15 ಮಿಗ್ರಾಂ ಪಡೆದವರಲ್ಲಿ ಇಳಿಕೆ 72 ವಾರಗಳಿಗೆ ಶೇ 20.9. ಭಾರತಕ್ಕೆ ಮೌಂಜಾರೊ ಹೆಸರಿನಲ್ಲಿ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ವೆಗೋವಿ ಹೆಸರಿನಲ್ಲಿ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ಬಂದವು. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚ್‌ವರೆಗಿನದು. ಅದು ಕಳೆದರೆ ದೇಶೀ ಕಂಪನಿಗಳ ಅಗ್ಗದ ಔಷಧಕ್ಕೆ ದಾರಿ ತೆರೆಯುತ್ತದೆ. ಬೆಲೆ ಇಳಿದಷ್ಟೂ ಸಣ್ಣ ಊರಿನ ಮೆಡಿಕಲ್ ಅಂಗಡಿಗೂ ಔಷಧ ತಲುಪುತ್ತದೆ. ಡೋಸ್ ತಿಳಿಸಿಹೇಳುವವರು ಅಷ್ಟೇ ವೇಗದಲ್ಲಿ ತಲುಪುವುದಿಲ್ಲ.

ನಿಧಾನವೇಕೆ

ಸೆಮಾಗ್ಲುಟೈಡ್ ಒಮ್ಮೆ ಚುಚ್ಚಿಕೊಂಡರೆ ಅದರ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಒಂದು ವಾರ ಬೇಕು; ಈ ಅವಧಿಗೆ ಅರ್ಧಾಯುಷ್ಯ ಎನ್ನುತ್ತಾರೆ. ಅಷ್ಟರಲ್ಲಿ ಮುಂದಿನ ಸೂಜಿಯ ದಿನ ಬಂದಿರುತ್ತದೆ. ಹೀಗೆ ಹಳೆಯದರ ಮೇಲೆ ಹೊಸದು ಕೂಡುತ್ತ, ಡೋಸ್ ಬದಲಾಯಿಸದೆಯೇ ನಾಲ್ಕನೇ ಚುಚ್ಚುಮದ್ದಿನ ಹೊತ್ತಿಗೆ ಮೈಯಲ್ಲಿರುವ ಔಷಧ ಮೊದಲ ವಾರದ್ದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಟಿರ್ಜೆಪಟೈಡ್‌ನ ಅರ್ಧಾಯುಷ್ಯ ಸುಮಾರು ಐದು ದಿನ. ‘ಎರಡು ವಾರವಾಯಿತು, ಏನೂ ಅನಿಸಲಿಲ್ಲ’ ಎಂದು ಏರಿಸಿಕೊಳ್ಳುವವರು ಪರೀಕ್ಷೆ ಮುಗಿಯುವ ಮೊದಲೇ ಫಲಿತಾಂಶ ಓದಿದಂತಾಗುತ್ತದೆ. ನಾಲ್ಕು ವಾರದ ಅಂತರ ಕಂಪನಿಯ ವ್ಯಾಪಾರಕ್ಕಾಗಿ ಇಟ್ಟದ್ದೆಂಬ ಅನುಮಾನ ಹಲವರಿಗಿದೆ. ಅದು ಈ ಅರ್ಧಾಯುಷ್ಯದ ಲೆಕ್ಕದಿಂದ ಬಂದದ್ದು, ಮತ್ತು ಹೊಟ್ಟೆ ಒಗ್ಗಿಕೊಳ್ಳಲು ಬೇಕಾದ ಸಮಯದಿಂದ ಬಂದದ್ದು.

ಆರಂಭದ ಡೋಸ್ ತೂಕ ಇಳಿಸಲೆಂದು ಇರುವುದೇ ಅಲ್ಲ. ಮೊದಲ ತಿಂಗಳು ತೂಕ ಕದಲದಿದ್ದರೆ ಔಷಧ ಸೋತಿತೆಂದು ತಿಳಿಯಬಾರದು. ಆ ತಿಂಗಳ ಕೆಲಸ ಕರುಳನ್ನು ಪಳಗಿಸುವುದಷ್ಟೇ.

ಮೆಟ್ಟಿಲುಗಳು

ವೆಗೋವಿಯ ಏರಿಕೆ ಹೀಗೆ: ವಾರಕ್ಕೊಮ್ಮೆ 0.25 ಮಿಗ್ರಾಂ ನಾಲ್ಕು ವಾರ, ಆಮೇಲೆ ನಾಲ್ಕು ನಾಲ್ಕು ವಾರ 0.5, 1, 1.7 ಮಿಗ್ರಾಂ, ಹದಿನೇಳನೇ ವಾರದಿಂದ 2.4 ಮಿಗ್ರಾಂ. ಟಿರ್ಜೆಪಟೈಡ್ 2.5 ಮಿಗ್ರಾಂನಿಂದ ಶುರುವಾಗಿ ನಾಲ್ಕು ವಾರಕ್ಕೆ 5 ಮಿಗ್ರಾಂ ಆಗುತ್ತದೆ. ಅಲ್ಲಿಂದ ಮೇಲೆ ಹೋಗಬೇಕಾದರೆ ಕನಿಷ್ಠ ನಾಲ್ಕು ವಾರಕ್ಕೊಮ್ಮೆ 2.5 ಮಿಗ್ರಾಂನಂತೆ, ಗರಿಷ್ಠ 15ರವರೆಗೆ. ಲಿರಾಗ್ಲುಟೈಡ್ ದಿನವೂ ಚುಚ್ಚಿಕೊಳ್ಳುವಂಥದ್ದು, ವಾರಕ್ಕೊಮ್ಮೆ 0.6 ಮಿಗ್ರಾಂ ಏರಿಸುತ್ತ ತೂಕಕ್ಕಾಗಿ 3 ಮಿಗ್ರಾಂ ಮುಟ್ಟುತ್ತದೆ. ಮಧುಮೇಹಕ್ಕೆಂದು ಬಂದ ಸೆಮಾಗ್ಲುಟೈಡ್ ಮಾತ್ರೆ ರೈಬೆಲ್ಸಸ್‌ನ ಮೆಟ್ಟಿಲು 3, 7, 14 ಮಿಗ್ರಾಂ. ಅದನ್ನು ಬರಿಹೊಟ್ಟೆಯಲ್ಲಿ, ಅರ್ಧ ಲೋಟಕ್ಕೆ ಮೀರದ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಚಹಾ ಕೂಡ ಕುಡಿಯದೆ ಇರಬೇಕು. ಬೆಳಗಿನ ಚಹಾ ಬಿಡಲಾಗದವರಿಗೆ ಈ ಮಾತ್ರೆ ಡೋಸ್ ಏರಿಸಿದರೂ ಹತ್ತುವುದಿಲ್ಲ, ಏಕೆಂದರೆ ಅದು ರಕ್ತಕ್ಕೇ ಸೇರಿರುವುದಿಲ್ಲ. ಹಳೆಯ ಮಾತ್ರೆ ಆರ್ಲಿಸ್ಟಾಟ್‌ಗೆ ಮೆಟ್ಟಿಲೇ ಇಲ್ಲ: ಕೊಬ್ಬಿರುವ ಊಟದೊಂದಿಗೆ 120 ಮಿಗ್ರಾಂ, ದಿನಕ್ಕೆ ಮೂರು ಸಲ; ಅದಕ್ಕಿಂತ ಹೆಚ್ಚು ನುಂಗಿದರೆ ಹೆಚ್ಚು ಫಲವಿಲ್ಲ. ಎಣ್ಣೆಯಿಲ್ಲದ ಊಟವಾದರೆ ಆ ಹೊತ್ತಿನದನ್ನು ಬಿಡಬಹುದು.

ಮೇಲಿನ ಮೆಟ್ಟಿಲನ್ನು ಮುಟ್ಟಲೇಬೇಕೆಂಬ ನಿಯಮ ಇಲ್ಲ. 5 ಮಿಗ್ರಾಂ ಟಿರ್ಜೆಪಟೈಡ್‌ನಲ್ಲಿ ತೂಕ ಸಮನಾಗಿ ಇಳಿಯುತ್ತಿದ್ದರೆ, ಸಕ್ಕರೆ ಹಿಡಿತದಲ್ಲಿದ್ದರೆ, 7.5ಕ್ಕೆ ಹೋಗಲು ಕಾರಣವೇ ಇಲ್ಲ. ಖರ್ಚು ಮತ್ತು ವಾಕರಿಕೆ ಮಾತ್ರ ಹೆಚ್ಚುತ್ತವೆ. ಏರಿಕೆಗೆ ತಕ್ಕ ಕಾರಣ ಎಂದರೆ, ನಾಲ್ಕು ವಾರ ಪೂರ್ತಿಯಾಗಿ, ವಾಂತಿ ಭೇದಿ ಇಲ್ಲದೆ, ನೀರು ಮತ್ತು ಊಟ ಸರಿಯಾಗಿ ಸೇರುತ್ತಿದ್ದೂ ಹಸಿವು ಮೊದಲಿನಂತೆ ಮರಳಿ ತೂಕ ನಿಂತುಹೋಗಿರುವುದು. ಒಂದು ವಾರ ತಕ್ಕಡಿಯ ಮುಳ್ಳು ಕದಲಲಿಲ್ಲ ಎಂಬುದು ಕಾರಣವಲ್ಲ. ಮಲಬದ್ಧತೆ, ಉಪ್ಪು, ಹೆಂಗಸರ ತಿಂಗಳ ದಿನಗಳು ಇವೇ ಒಂದೆರಡು ಕಿಲೋ ಆಚೀಚೆ ಮಾಡುತ್ತವೆ.

ತಾಳಲಿಲ್ಲವೆಂದರೆ ಏರಿಕೆಯನ್ನು ಇನ್ನು ನಾಲ್ಕು ವಾರ ಮುಂದೂಡುವುದು ವೆಗೋವಿಯ ಸೂಚನಾಪತ್ರದಲ್ಲೇ ಇರುವ ದಾರಿ. 2.4 ಆಗದವರು 1.7 ಮಿಗ್ರಾಂನಲ್ಲೇ ಉಳಿಯಬಹುದು. ಸ್ಟೆಪ್ 1ರಲ್ಲಿ ಔಷಧ ಪಡೆದ ನೂರರಲ್ಲಿ ಸುಮಾರು 44 ಮಂದಿಗೆ ವಾಕರಿಕೆ, 25 ಮಂದಿಗೆ ವಾಂತಿ ಆಗಿತ್ತು. ಆದರೂ ಹೊಟ್ಟೆಯ ತೊಂದರೆಯಿಂದ ಬಿಟ್ಟವರು ಶೇ 4.5 ಮಾತ್ರ. ಹೆಚ್ಚಿನದು ಡೋಸ್ ಏರಿದ ಹೊಸತರಲ್ಲಿ ಬಂದು, ಹೋಗುವಂಥದ್ದು.

ಮಿಗ್ರಾಂ, ಮಿಲೀ, ಯೂನಿಟ್

ಇಡೀ ವಿಷಯದಲ್ಲಿ ನಿಜವಾಗಿ ಹೆದರಬೇಕಾದ ಜಾಗ ಇದು. ಔಷಧದ ತೂಕ ಮಿಗ್ರಾಂನಲ್ಲಿ, ದ್ರವದ ಅಳತೆ ಮಿಲೀಯಲ್ಲಿ, ಸಿರಿಂಜಿನ ಗೆರೆಗಳು ಯೂನಿಟ್‌ನಲ್ಲಿ. ಮೂರೂ ಬೇರೆ. ಒಂದು ಸೇರು ತೊಗರಿಯ ತೂಕವೂ ಒಂದು ಸೇರು ಚುರುಮುರಿಯ ತೂಕವೂ ಒಂದಲ್ಲವೆಂದು ಗಂಜದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಇಲ್ಲಿಯೂ ಅಷ್ಟೇ. ಭಾರತಕ್ಕೆ ಮೊದಲು ಬಂದ ಮೌಂಜಾರೊ ಬಾಟಲಿಗಳಲ್ಲಿ 2.5 ಮಿಗ್ರಾಂನದರಲ್ಲೂ 5 ಮಿಗ್ರಾಂನದರಲ್ಲೂ ಇದ್ದ ದ್ರವ 0.5 ಮಿಲೀ. ದ್ರವ ಒಂದೇ, ಔಷಧ ಎರಡು ಪಟ್ಟು.

ಇದಕ್ಕೆ ಭಾರತದ್ದೇ ಆದ ತೊಡಕೊಂದು ಸೇರುತ್ತದೆ. ಇಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳು ಮಾರಾಟದಲ್ಲಿವೆ: ಕೆಂಪು ಮುಚ್ಚಳದ ಯು–40 ಮತ್ತು ಕಿತ್ತಳೆ ಮುಚ್ಚಳದ ಯು–100. ಯು–40ರಲ್ಲಿ ಒಂದು ಮಿಲೀಗೆ 40 ಗೆರೆ, ಯು–100ರಲ್ಲಿ ಒಂದು ಮಿಲೀಗೆ 100. ಅರ್ಧ ಮಿಲೀ ಎಂದರೆ ಮೊದಲನೆಯದರಲ್ಲಿ 20ರ ಗೆರೆ, ಎರಡನೆಯದರಲ್ಲಿ 50ರ ಗೆರೆ. ಬಹು ಡೋಸ್‌ನ ಬಾಟಲಿಯಿಂದ ‘ಹತ್ತು ಯೂನಿಟ್ ತಗೊಳ್ರಿ’ ಎಂದು ಯು–100ರ ಲೆಕ್ಕದಲ್ಲಿ ಹೇಳಿದ ಮಾತನ್ನು, ಮನೆಯಲ್ಲಿ ಅಮ್ಮನ ಇನ್ಸುಲಿನ್‌ಗೆಂದು ಇಟ್ಟ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಪಾಲಿಸಿದರೆ ಒಳಗೆ ಹೋಗುವುದು ಎರಡೂವರೆ ಪಟ್ಟು. ಅಮೆರಿಕದಲ್ಲಿ ಔಷಧದಂಗಡಿಗಳೇ ಮಿಶ್ರಮಾಡಿ ಕೊಟ್ಟ ಸೆಮಾಗ್ಲುಟೈಡ್ ಬಾಟಲಿಗಳಿಂದ ಜನ ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ತೆಗೆದುಕೊಂಡ ಪ್ರಕರಣಗಳನ್ನು ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಎಚ್ಚರಿಕೆಯಾಗಿ ಪ್ರಕಟಿಸಿತು. ಕಾರಣ ಇದೇ ಗೆರೆಗಳ ಗೊಂದಲ. ಅರ್ಧಾಯುಷ್ಯ ಒಂದು ವಾರವಾದ್ದರಿಂದ ಹೆಚ್ಚಾದದ್ದನ್ನು ಹೊರತೆಗೆಯುವ ಉಪಾಯವಿಲ್ಲ. ವಾಂತಿ, ಸಕ್ಕರೆ ಇಳಿತಗಳನ್ನು ದಿನಗಟ್ಟಲೆ ನೋಡಿಕೊಳ್ಳಬೇಕಾಗುತ್ತದೆ.

ಆದ್ದರಿಂದ ವೈದ್ಯರ ಚೀಟಿಯಲ್ಲಿ ಮೂರೂ ಇರಬೇಕು: ಎಷ್ಟು ಮಿಗ್ರಾಂ, ಎಷ್ಟು ಮಿಲೀ, ಯಾವ ಸಿರಿಂಜಿನಲ್ಲಿ ಎಷ್ಟನೇ ಗೆರೆ. ಬರೀ ‘ಯೂನಿಟ್’ ಎಂದಿದ್ದರೆ ಅಂಗಡಿಯಿಂದಲೇ ಮರಳಿ ಕೇಳುವುದು ಒಳ್ಳೆಯದು. ಡೋಸ್ ತಿರುಗಿಸಿ ಚುಚ್ಚುವ ಪೆನ್‌ಗಳಲ್ಲಿ ಈ ತಪ್ಪು ಕಡಿಮೆ. ಆದರೆ ದೊಡ್ಡ ಡೋಸ್‌ನ ಪೆನ್ ಕೊಂಡು ಕ್ಲಿಕ್ ಎಣಿಸಿ ಸಣ್ಣ ಡೋಸ್ ತೆಗೆಯುವ ಉಳಿತಾಯದ ಜಾಣತನ ತಯಾರಕರು ಒಪ್ಪಿದ ವಿಧಾನವಲ್ಲ. ಒಂದೇ ಡೋಸ್‌ನ ಬಾಟಲಿಯನ್ನು ಎರಡು ವಾರಕ್ಕೆ ಹಂಚುವುದೂ ಹಾಗೆಯೇ. ಸೂಜಿ ಚುಚ್ಚಿದ ಬಾಟಲಿಯನ್ನು ಇಟ್ಟು ಬಳಸಿದರೆ ಸೋಂಕಿಗೆ ದಾರಿ. ಬಿಡುಗಡೆಯ ಹೊತ್ತಿಗೆ 5 ಮಿಗ್ರಾಂನ ಒಂದು ಬಾಟಲಿಗೆ 4,375 ರೂಪಾಯಿ ಇತ್ತು. ಹಂಚಿಕೊಳ್ಳುವ ಆಸೆ ಯಾಕೆ ಹುಟ್ಟುತ್ತದೆಂದು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಖರ್ಚು ತಾಳದವರಿಗೆ ವೈದ್ಯರೊಂದಿಗೆ ಮಾತಾಡಿ ಕಡಿಮೆ ಡೋಸ್‌ನಲ್ಲೇ ಉಳಿಯುವುದು, ಇಲ್ಲವೇ ಆರಂಭಿಸದೇ ಇರುವುದು ಇದಕ್ಕಿಂತ ಮೇಲು.

ತಪ್ಪಿದ ಡೋಸ್

ವೆಗೋವಿ ತಪ್ಪಿದಾಗ ಮುಂದಿನ ನಿಗದಿತ ದಿನಕ್ಕೆ ಎರಡು ದಿನಕ್ಕಿಂತ ಹೆಚ್ಚಿದ್ದರೆ ನೆನಪಾದ ಕೂಡಲೇ ತೆಗೆದುಕೊಳ್ಳಬಹುದು. ಕಡಿಮೆಯಿದ್ದರೆ ಬಿಟ್ಟು, ನಿಗದಿತ ದಿನವೇ ಮುಂದುವರಿಸಬೇಕು. ಟಿರ್ಜೆಪಟೈಡ್ ಆದರೆ ತಪ್ಪಿದ ನಾಲ್ಕು ದಿನದೊಳಗೆ. ಎರಡನ್ನು ಸೇರಿಸಿ ಒಟ್ಟಿಗೆ ಎಂದೂ ಚುಚ್ಚಿಕೊಳ್ಳಬಾರದು. ವಾರದ ದಿನ ಬದಲಿಸಬೇಕಾದರೆ ಎರಡು ಸೂಜಿಗಳ ನಡುವೆ ವೆಗೋವಿಗೆ ಎರಡು ದಿನ, ಟಿರ್ಜೆಪಟೈಡ್‌ಗೆ ಮೂರು ದಿನವಾದರೂ ಅಂತರ ಬೇಕು. ದಿನನಿತ್ಯದ ಲಿರಾಗ್ಲುಟೈಡ್ ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ 0.6ರಿಂದಲೇ.

ಹೆಚ್ಚು ಎಡವುವುದು ತಿಂಗಳುಗಟ್ಟಲೆ ಬಿಟ್ಟವರು. ಸುಗ್ಗಿಯ ಗಡಿಬಿಡಿ, ಹೈದರಾಬಾದಿನಿಂದ ತರಿಸುವ ಔಷಧ ಬಾರದಿರುವುದು, ಕೈಯಲ್ಲಿ ರೊಕ್ಕ ಇಲ್ಲದಿರುವುದು – ಕಾರಣ ಏನೇ ಇರಲಿ, ಐದಾರು ವಾರ ಕಳೆದರೆ ಮೈಯಲ್ಲಿ ಔಷಧ ಹೆಚ್ಚು ಉಳಿದಿರುವುದಿಲ್ಲ, ಕರುಳು ಕಲಿತದ್ದನ್ನು ಮರೆತಿರುತ್ತದೆ. ಫ್ರಿಜ್ಜಿನಲ್ಲಿ ಉಳಿದ 1.7ರ ಪೆನ್‌ನಿಂದ ನೇರವಾಗಿ ಶುರುಮಾಡಿದವರು ವಾಂತಿಯಿಂದ ನೀರಿಳಿದು ಆಸ್ಪತ್ರೆ ಸೇರಬೇಕಾದೀತು. ಎರಡು ಡೋಸ್ ಸತತವಾಗಿ ತಪ್ಪಿದರೆ ಮೊದಲು ವೈದ್ಯರನ್ನು ಕೇಳುವುದು, ಹೆಚ್ಚು ತಪ್ಪಿದ್ದರೆ ಕೆಳಗಿನ ಮೆಟ್ಟಿಲಿಗೆ ಇಳಿಯುವುದು ರೂಢಿ.

ಜೊತೆಯ ಔಷಧಗಳು, ಊಟ, ಉಪವಾಸ, ಬಿಸಿಲು

ಡೋಸ್ ಹೊಂದಾಣಿಕೆ ಎಂದರೆ ಒಂದೇ ಔಷಧದ್ದಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಸಕ್ಕರೆ ಕುಸಿಯಬಹುದು. ಹಾಗಾಗಿ ಚುಚ್ಚುಮದ್ದು ಏರುವಾಗ ಅವನ್ನು ಇಳಿಸಬೇಕಾಗುತ್ತದೆ. ಬೆವರು, ನಡುಕ, ಕಣ್ಣುಕತ್ತಲೆ ಬಂದರೆ ಸಕ್ಕರೆ ತಿಂದು ಗ್ಲುಕೋಮೀಟರಿನಲ್ಲಿ ನೋಡಬೇಕು. ಮೆಟ್‌ಫಾರ್ಮಿನ್ ಮಾತ್ರವಿದ್ದರೆ ಈ ಭಯ ಕಡಿಮೆ. ತೂಕ ಇಳಿದಂತೆ ಬಿಪಿಯೂ ಇಳಿಯುವುದರಿಂದ ಹಳೆಯ ಬಿಪಿ ಮಾತ್ರೆ ಹೆಚ್ಚಾಗಿ, ಎದ್ದು ನಿಂತಾಗ ತಲೆ ತಿರುಗಬಹುದು. ಟಿರ್ಜೆಪಟೈಡ್ ಆರಂಭಿಸಿದ ಮೇಲೆ ನಾಲ್ಕು ವಾರ, ಪ್ರತಿ ಏರಿಕೆಯ ನಂತರವೂ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನೆಚ್ಚಬಾರದು. ಜಠರ ನಿಧಾನವಾಗಿ ಆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಗರ್ಭ ಧರಿಸುವ ಯೋಚನೆಯಿದ್ದರೆ ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ಏರಿಕೆಯ ವಾರವನ್ನು ಪಂಚಾಂಗ ನೋಡಿ ಇಟ್ಟುಕೊಳ್ಳುವುದು ಹಾಸ್ಯದ ಮಾತಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಹೊಡೆಯುವ ಬೀದರ ಸೀಮೆಯಲ್ಲಿ, ಹಿಂದಿನ ದಿನ ಡೋಸ್ ಏರಿಸಿಕೊಂಡವರಿಗೆ ಆ ಊಟ ಗಂಟಲಲ್ಲೇ ನಿಲ್ಲುತ್ತದೆ. ರಮ್ಜಾನ್ ಉಪವಾಸ ಹಿಡಿಯುವವರು ತಿಂಗಳು ಆರಂಭವಾಗುವ ಎರಡರಿಂದ ನಾಲ್ಕು ವಾರ ಮೊದಲೇ ಒಂದು ಡೋಸ್‌ಗೆ ನೆಲೆನಿಂತಿರಬೇಕು, ಉಪವಾಸದ ನಡುವೆ ಏರಿಸಬಾರದು. ಶ್ರಾವಣದ ಉಪವಾಸಗಳಿಗೂ ಇದೇ ಮಾತು ಹೊಂದುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಿ ಬಾಯಾರಿಕೆ ಇದ್ದೂ ಕುಡಿಯಲು ಮನಸ್ಸಾಗದ ಸ್ಥಿತಿ ಮೂತ್ರಪಿಂಡಕ್ಕೆ ಕೆಟ್ಟದ್ದು. ವಾಂತಿ, ಭೇದಿ ಇರುವಾಗ ಓಆರ್‌ಎಸ್ ಬೇಕು, ಏರಿಕೆ ಬೇಡ. ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಹಸಿವೇ ಇಲ್ಲದಷ್ಟು ಡೋಸ್ ಏರಿಸಿ ಎರಡು ತುತ್ತಿನಲ್ಲಿ ದಿನ ಕಳೆಯುವುದು ಯಶಸ್ಸೆಂದು ಕೆಲವರು ಹೇಳಿಕೊಳ್ಳುತ್ತಾರೆ, ಆದರೆ ಅದು ಡೋಸ್ ಹೆಚ್ಚಾಗಿರುವ ಲಕ್ಷಣ. ತೊಗರಿಬೇಳೆ, ಮೊಳಕೆ ಕಟ್ಟಿದ ಹೆಸರು, ಮೊಸರು, ಮೊಟ್ಟೆ ಊಟದಲ್ಲಿ ಮೊದಲು ಬರಬೇಕು, ರೊಟ್ಟಿ ಆಮೇಲೆ.

ತಡೆಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಕೆಲವೇ. ಬೆನ್ನಿಗೆ ಹರಿಯುವ, ಬಿಡದ ಹೊಟ್ಟೆನೋವು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಬಲಪಕ್ಕೆಯ ಕೆಳಗಿನ ನೋವು, ಜ್ವರ, ಕಣ್ಣು ಹಳದಿಯಾಗುವುದು ಪಿತ್ತಕೋಶದ ಕಲ್ಲಿನ ಸೂಚನೆ; ತೂಕ ಬೇಗ ಇಳಿದಷ್ಟೂ ಕಲ್ಲು ಹೆಚ್ಚು. ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಮಧುಮೇಹಿಗಳಲ್ಲಿ ದೃಷ್ಟಿ ಹಠಾತ್ ಮಂಜಾಗುವುದು ಇವೂ ಕಾಯುವಂಥವಲ್ಲ. ರಾತ್ರಿಯಾದರೆ 108ಕ್ಕೆ ಕರೆಮಾಡಬೇಕು. ಪೆನ್ ಅಥವಾ ಬಾಟಲಿ ಜೊತೆಗೇ ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ. ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇದ್ದವರಿಗೆ ಯಾವ ಡೋಸೂ ಸುರಕ್ಷಿತವಲ್ಲ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಬೇಕು. ಡೋಸ್ ಏರುತ್ತಿರುವ ವಾರಗಳಲ್ಲಿ ಜಠರದಲ್ಲಿ ಅನ್ನ ಉಳಿದು, ಅರಿವು ತಪ್ಪಿದಾಗ ಅದು ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚು.

ನಿಲ್ಲಿಸುವುದು

ಔಷಧ ಬಿಟ್ಟರೆ ತೂಕ ಮರಳುತ್ತದೆ. ಸ್ಟೆಪ್ 1ರಲ್ಲಿ ಭಾಗವಹಿಸಿದವರಲ್ಲಿ ಔಷಧ ನಿಲ್ಲಿಸಿದ ಗುಂಪೊಂದನ್ನು ಮುಂದೆ ಗಮನಿಸಿದಾಗ, ಒಂದು ವರ್ಷದಲ್ಲಿ ಇಳಿದಿದ್ದರ ಮೂರರಲ್ಲಿ ಎರಡು ಪಾಲು ಹಿಂದಿರುಗಿತ್ತು. ಹೀಗಾಗಿ ಆರಂಭಿಸುವ ಮೊದಲೇ ಎಷ್ಟು ಕಾಲ, ಯಾರ ಖರ್ಚಿನಲ್ಲಿ ಎಂಬುದು ಇತ್ಯರ್ಥವಾಗಬೇಕು. ಗುರಿ ಮುಟ್ಟಿದ ಮೇಲೆ ಕೆಳಗಿನ ಡೋಸ್‌ಗೆ ಇಳಿಸಿ ಅಲ್ಲಿ ನಿಲ್ಲಿಸಿಕೊಳ್ಳುವುದನ್ನು ವೈದ್ಯರು ಪ್ರಯತ್ನಿಸುತ್ತಾರೆ. ವಾರದ ಅಂತರವನ್ನು ತಾವೇ ಹತ್ತು, ಹದಿನೈದು ದಿನಕ್ಕೆ ಎಳೆಯುವುದಕ್ಕೆ ಸೂಚನಾಪತ್ರದ ಒಪ್ಪಿಗೆ ಇಲ್ಲ.

ಕೊಳ್ಳುವುದು, ಇಡುವುದು

ಇವು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಗಳು. ಬಿಲ್ಲು, ಬ್ಯಾಚ್ ಸಂಖ್ಯೆ ಇಲ್ಲದ, ಪುಡಿಯಾಗಿ ಬಂದು ನೀರು ಬೆರೆಸಿಕೊಳ್ಳಬೇಕಾದ ಬಾಟಲಿಗಳನ್ನು ಮುಟ್ಟಬಾರದು. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್ ಹೊರಗೆ, 30 ಡಿಗ್ರಿ ಮೀರದ ಜಾಗದಲ್ಲಿ ಒಂದೇ ಡೋಸ್‌ನ ಮೌಂಜಾರೊ 21 ದಿನ, ಒಂದೇ ಡೋಸ್‌ನ ವೆಗೋವಿ ಪೆನ್ 28 ದಿನ ತಡೆಯುತ್ತದೆಂದು ಸೂಚನೆಗಳು ಹೇಳುತ್ತವೆ. ಬೀದರಿನ ಬೇಸಿಗೆಯಲ್ಲಿ ಆ 30 ಡಿಗ್ರಿ ಮನೆಯೊಳಗೂ ಸಿಗುವುದಿಲ್ಲ. ಔರಾದಿಗೋ ಭಾಲ್ಕಿಗೋ ಬಸ್ಸಿನಲ್ಲಿ ಒಯ್ಯುವವರು ಮೆಡಿಕಲ್ ಅಂಗಡಿಯಲ್ಲೇ ತಂಪುಚೀಲ ಕೇಳಿ ಪಡೆಯಬೇಕು, ಪೆನ್ ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಬೇಕು. ಒಮ್ಮೆ ಹೆಪ್ಪುಗಟ್ಟಿದ ಔಷಧ ಕರಗಿದ ಮೇಲೆ ನೋಡಲು ಸರಿಯಾಗಿಯೇ ಇದ್ದರೂ ಬಳಸುವಂತಿಲ್ಲ.